ಮೊಳೆಗೊಂದು ನೂಲು

ಬೆನ್ನ ಹಿಂದೆ ಎಲ್ಲರೂ ‘ಅಳತೆಮಾಮ’ ಎಂದು ಕರೆಯುತ್ತಿದ್ದ ಸೂಪರಿಂಟೆಂಡೆಂಟರಿಗೆ ಇದ್ದದ್ದು ಒಂದೇ ಆಸೆ. ನಿವೃತ್ತಿಯೊಳಗೆ ಒಮ್ಮೆಯಾದರೂ ಮ್ಯಾನೇಜರ್ ಪಕ್ಕದ ಕೋಣೆಯಲ್ಲಿ ಕೂರಬೇಕು. ಕಚೇರಿ ಹೊಸ ಕಟ್ಟಡಕ್ಕೆ ಹೋಗುವುದೆಂದಾಗ, ಯಾರು ಎಲ್ಲಿ ಕೂರಬೇಕೆಂದು ಗೊತ್ತುಮಾಡುವ ಕೆಲಸವನ್ನು ಮೇಲೆ ಬಿದ್ದು ವಹಿಸಿಕೊಂಡರು. ಬಡಿಸುವವನು ತಾನೇ ಆದಮೇಲೆ ಯಾವ ಪಂಕ್ತಿಯಾದರೇನು!

“ನಮ್ಮ ಕಚೇರಿ ಹಾಳಾಗಿರೋದೇ ಓಡಾಟದಿಂದ. ಕಾಲಿಗೆ ಚಕ್ರ ಕಟ್ಕೊಂಡಿದೀರ ಎಲ್ರೂ,” ಎಂದು ಗದರಿ, ಗೋಡೆಗೆ ಒಂದು ಹಲಗೆ ನೇತುಹಾಕಿದರು. ಅದರಲ್ಲಿ ಪ್ರತಿ ಮೇಜಿಗೂ ಒಂದು ಮೊಳೆ. ಯಾರ ಮೇಜಿಗೆ ಹೋಗುತ್ತೀರೋ ಅವರ ಮೊಳೆಗೆ ಒಂದು ನೂಲು ಸುತ್ತಬೇಕು. ವಾರದ ಕೊನೆಗೆ ಹೆಚ್ಚು ನೂಲಿದ್ದವರು, ಅಂದರೆ ಎಲ್ಲರಿಗೂ ಬೇಕಾದವರು, ನಡುವೆ ಮ್ಯಾನೇಜರ್ ಪಕ್ಕಕ್ಕೆ; ಕಡಿಮೆಯವರು ಮೂಲೆಗೆ.

“ನೂಲು ಸುಳ್ಳು ಹೇಳಲ್ಲ ಸಾರ್,” ಎಂದು ಮ್ಯಾನೇಜರ ಒಪ್ಪಿಗೆಯನ್ನೂ ಪಡೆದರು. ತನ್ನನ್ನು ಕೇಳದೆ ಇಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಾಡದು ಎಂಬ ಭ್ರಮೆ ಅಳತೆಮಾಮನಿಗೆ, ಪಾಪ.

ವಾರವಿಡೀ ಮಹಾಶಯರಿಗೆ ಪುರುಸೊತ್ತಿಲ್ಲ. ಕ್ಯಾಷಿಯರ್ ಹತ್ತಿರ ಹೋಗಿ ರಾಜಕೀಯ ಮಾತಾಡಿದರು, ನೂಲು ಸುತ್ತಿದರು. ಟೈಪಿಸ್ಟಮ್ಮನಿಗೆ ಬೇಡದ ಬುದ್ಧಿ ಹೇಳಿದರು, ನೂಲು ಸುತ್ತಿದರು. ನಿಯಮ ಅಂದಮೇಲೆ ನಿಯಮ!

ಶನಿವಾರ ಎಲ್ಲರೂ ಹಲಗೆಯ ಮುಂದೆ ಸೇರಿದರು. ಟೈಪಿಸ್ಟಮ್ಮನ ಮೊಳೆ ನೂಲಿನೊಳಗೆ ಮುಚ್ಚಿಹೋಗಿತ್ತು. ಅಳತೆಮಾಮನ ಮೊಳೆ ಅಂಗಡಿಯಿಂದ ಈಗಷ್ಟೇ ತಂದಂತೆ ಹೊಳೆಯುತ್ತಿತ್ತು. ಒಂದು ಎಳೆಯೂ ಇಲ್ಲ.

“ಸಾರ್, ಹುದ್ದೆ ಅಂತಾನೂ ಒಂದಿರತ್ತಲ್ಲ...” ಎಂದು ಅಳತೆಮಾಮ ರಾಗ ಎಳೆದರು.

“ನೂಲು ಸುಳ್ಳು ಹೇಳಲ್ಲ ಅಂದೋರು ನೀವೇ ಅಲ್ವೇನ್ರಿ?” ಎಂದರು ಮ್ಯಾನೇಜರು. ಕ್ಯಾಷಿಯರ್ ಕೆಮ್ಮುವ ನೆಪದಲ್ಲಿ ನಕ್ಕ.

ಹೊಸ ಕಟ್ಟಡದಲ್ಲಿ ಅವರಿಗೆ ಸಿಕ್ಕಿದ್ದು ಕಾರಿಡಾರಿನ ತುದಿಯಲ್ಲಿ, ಮುರಿದ ಕುರ್ಚಿಗಳನ್ನು ತುಂಬಿದ್ದ ಕೋಣೆಯ ಎದುರಿನ ಜಾಗ. ಆದರೂ ಜಂಬವೇನೂ ಇಳಿಯಲಿಲ್ಲ. ಸಂಜೆ ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ ಹೆಂಡತಿಗೆ ಹೇಳಿದರು:

“ನಾನೇ ಮೂಲೆ ಕೇಳಿ ತಗೊಂಡೆ ಕಣೇ. ಇನ್ಮೇಲೆ ಯಾರೂ ಬಂದು ತಲೆ ತಿನ್ನಲ್ಲ.”

ಆಕೆ ಕಾಫಿ ಲೋಟ ಕೈಗಿಟ್ಟು, ಅವರ ಮುಖವನ್ನೇ ನೋಡಿದಳು.

“ಆಫೀಸಿಂದ ಗಂಟೆಗೊಂದು ಸಲ ನಂಗೆ ಫೋನ್ ಮಾಡ್ತೀರಲ್ಲ. ಯಾರೂ ಬರಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು ರೀ.”