ನೀರಿನ ಜೊತೆ ಹೋದವರು

ಮೊನ್ನೆ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನ ಇಂಡಿಯನ್ ಅಂಗಡಿಯಲ್ಲಿ, ಕೌಂಟರಿನ ಹಿಂದಿದ್ದ ದೇವರಪಟದ ಮುಂದೆ ಯಾರೋ ಸಾಂಬ್ರಾಣಿ ಹಾಕಿದ್ದರು. ನಿಂಬೆಹಣ್ಣಿನ ಸಿಪ್ಪೆ ಸುಟ್ಟಂಥ ವಾಸನೆ. ಕೊತ್ತಂಬರಿ ಕಟ್ಟು ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟೆ. ನಾವು ಆಸ್ಟಿನ್‌ನಲ್ಲಿದ್ದಾಗ ಪಕ್ಕದ ಮನೆಯ ಆಂಟಿಯ ಸೀರೆಗಳೆಲ್ಲ ಇದೇ ವಾಸನೆ ಬೀರುತ್ತಿದ್ದವು...

ಆಂಟಿ ಮೈಸೂರಿನವರು. ಮದುವೆಯಾದ ಮೇಲೆ ಬಹಳ ವರ್ಷ ಒಮಾನ್‌ನಲ್ಲಿದ್ದು, ಆಮೇಲೆ ಮಗಳ ಜೊತೆ ಟೆಕ್ಸಸ್‌ಗೆ ಬಂದಿದ್ದರು. ನಾನು ಸೆಕೆ ಎಂದು ಗೊಣಗಿದರೆ ಅವರಿಗೆ ನಗು.

"ಇದೂ ಒಂದು ಬಿಸಿಲೇನಮ್ಮ? ಅಲ್ಲಿ ನಲ್ಲಿ ತಿರುಗಿಸಿದ್ರೆ ಕುದಿಯೋ ನೀರು. ಮಳೆ ಅಂದ್ರೆ ವರ್ಷಕ್ಕೆ ಎಲ್ಲೋ ಒಂದೆರಡು ಸಲ. ಬಂತು ಅಂದ್ರೆ ಸ್ಕೂಲಿಗೆ ರಜಾ, ಪುಳಿಯೋಗರೆ ಕಟ್ಕೊಂಡು ವಾದಿ ನೋಡೋಕೆ ಓಡೋದು!"

ವಾದಿ ಎಂದರೆ ಒಣ ಹೊಳೆ. ದೂರದ ಬೆಟ್ಟದಲ್ಲಿ ಮಳೆ ಬಿದ್ದರೆ ಅದರಲ್ಲಿ ನೀರು ಬರುತ್ತದೆ. ಆ ನೀರು ನೋಡಲು ಜನ ಹಬ್ಬಕ್ಕೆ ಹೊರಟಂತೆ ಹೊರಡುತ್ತಾರಂತೆ. ಹಾಗೆ ಹೋದ ಒಂದು ದಿನ ನೀರಿನ್ನೂ ಬಂದಿರಲಿಲ್ಲ, ತಲೆಯ ಮೇಲೆ ಒಂದು ಮೋಡವೂ ಇರಲಿಲ್ಲ. ಹೊಳೆಯ ನಡುವೆಯೇ ಚಾಪೆ ಹಾಸಿದರು. ಆಂಟಿ ಫ್ಲಾಸ್ಕ್ ತರಲು ದಂಡೆಯ ಮೇಲಿದ್ದ ಕಾರಿಗೆ ಹೋದರು. ಆಗ ಬಂತು. ಅಂಕಲ್ ಓಡಿಬಿಡಬಹುದಿತ್ತು. ಆದರೆ ಅವರು ಬಲು ಅಚ್ಚುಕಟ್ಟಿನ ಮನುಷ್ಯ... ಚಾಪೆ ಮಡಚುತ್ತಿದ್ದರು.

ದೇಹ ಸಿಗಲೇ ಇಲ್ಲ. ಆಂಟಿ ಕುಂಕುಮ ಇಡುವುದನ್ನೂ ಬಿಡಲಿಲ್ಲ. "ನೀರಿನ ಜೊತೆ ಹೋದೋರು ನೀರಿನ ಜೊತೇನೇ ಬರ್ತಾರೆ" ಎಂದು, ಮಗಳು ಆಫೀಸಿನಿಂದ ಬರುವುದನ್ನು ಹೇಳುವಷ್ಟೇ ಸಹಜವಾಗಿ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ಅವರು ಕೊಟ್ಟ ಕೋಡುಬಳೆ ಮುರಿಯುತ್ತಿದ್ದೆ.

ಆ ಬೇಸಿಗೆ ಆಸ್ಟಿನ್‌ನಲ್ಲಿ ಹನಿ ಮಳೆಯಿಲ್ಲ. ಹುಲ್ಲು ಕಾಲಿಗೆ ಚುಚ್ಚುತ್ತಿತ್ತು. ಭಾನುವಾರ ನಾಲ್ಕಾರು ಕನ್ನಡದ ಮನೆಯವರು ಊಟ ಕಟ್ಟಿಕೊಂಡು ಪಾರ್ಕಿಗೆ ಹೋದೆವು. ಅಲ್ಲಿನ ಹೊಳೆ ಒಣಗಿ ಬರೀ ಬಿಳಿ ಕಲ್ಲಾಗಿತ್ತು. ನೆರಳಿದೆಯೆಂದು ಗಂಡಸರು ಅದರಲ್ಲೇ ಚಾಪೆ ಹಾಸಿದರು, ಮಕ್ಕಳು ಕ್ರಿಕೆಟ್ ಶುರುಮಾಡಿದರು. ಆಂಟಿ ಕೆಳಗಿಳಿಯಲಿಲ್ಲ. ನಾನು ಅವರ ಜೊತೆ ದಂಡೆಯ ಬೆಂಚಿನ ಮೇಲೆ ಕುಳಿತೆ.

ಇದ್ದಕ್ಕಿದ್ದಂತೆ ಜೀರುಂಡೆಗಳ ಸದ್ದು ನಿಂತಿತು. ಆ ಉರಿಬಿಸಿಲಿನಲ್ಲಿ ತಣ್ಣನೆಯ ಗಾಳಿಯೊಂದು ಸುಳಿಯಿತು, ಹಳೇ ಬಾವಿಯ ಮುಚ್ಚಳ ತೆಗೆದಂತೆ. ಆಂಟಿ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ಹಣೆಯ ಕೂದಲನ್ನು ಬೆರಳಲ್ಲಿ ಒತ್ತಿ ನೀವಿಕೊಂಡರು.

"ಬಂದ್ರು" ಎಂದರು, ಮೆಲ್ಲಗೆ.

ಯಾರು ಎಂದು ಕೇಳುವಷ್ಟರಲ್ಲಿ ಅವರೇ ಕೆಳಗೆ ನೋಡಿ ಕೂಗಿದರು. "ಏಳ್ರೋ! ಮಕ್ಕಳನ್ನ ಎತ್ಕೊಂಡು ಮೇಲೆ ಬನ್ರೋ!"

"ಮೋಡಾನೇ ಇಲ್ವಲ್ಲ ಆಂಟಿ! ಬಿಸಿಬೇಳೆಬಾತ್ ಬಿಟ್ಟು ಹೇಗೆ ಬರೋದು?" ಎಂದು ನನ್ನ ಯಜಮಾನರು ನಕ್ಕರು. ನನ್ನ ಮಗಳು ಬ್ಯಾಟು ಬೀಸುತ್ತಾ "ಒನ್ ಮೋರ್ ಓವರ್, ಮಮ್ಮಿ!" ಎಂದಳು.

"ಚಾಪೆ ಮುಟ್ಟಬೇಡಿ!" ಆ ದನಿ ಆಂಟಿಯದೆಂದು ನಂಬಲಾಗಲಿಲ್ಲ. ಎಲ್ಲರೂ ಬೆಚ್ಚಿ, ಕೈಗೆ ಸಿಕ್ಕ ಮಕ್ಕಳನ್ನು ಎಳೆದುಕೊಂಡು ದಂಡೆ ಹತ್ತಿದರು. ಕೊನೆಯವರು ಹತ್ತುವ ಹೊತ್ತಿಗೆ ತಿರುವಿನಲ್ಲಿ ಕಂದು ನೀರು ಕಂಡಿತು. ಕಸಕಡ್ಡಿಯನ್ನು ಮುಂದೆ ದೂಡಿಕೊಂಡು, ಮೊದಲು ಸದ್ದೇ ಇಲ್ಲದೆ... ಆಮೇಲೆ ಬರೀ ಸದ್ದು.

ತಿರುಗಿದರೆ ಆಂಟಿ ಪಕ್ಕದಲ್ಲಿಲ್ಲ. ಚಪ್ಪಲಿ ಬಿಟ್ಟು ಕೆಳಗಿಳಿಯುತ್ತಿದ್ದರು. ಓಡಿಹೋಗಿ ಮಣಿಕಟ್ಟು ಹಿಡಿದೆ. ಆ ಬಿಸಿಲಲ್ಲೂ ಕೈ ತಣ್ಣಗಿತ್ತು. "ಬಿಡಮ್ಮ, ಒಬ್ರೇ ಬರ್ತಿದ್ದಾರೆ" ಎಂದರು. ನೀರನ್ನು ನೋಡುತ್ತಿದ್ದ ಅವರ ಮುಖದಲ್ಲಿ ಭಯವಿರಲಿಲ್ಲ. ಸ್ಟೇಷನ್ನಿನಲ್ಲಿ ರೈಲಿಗೆ ಕಾದು ನಿಂತವರ ಆತುರವಿತ್ತು. ನಾನೂ ಅತ್ತ ನೋಡಿದೆ. ಏನು ಕಂಡೆನೆಂದು ಇವತ್ತಿಗೂ ಯಾರಿಗೂ ಹೇಳಿಲ್ಲ... ಬಹುಶಃ ಮರದ ದಿಮ್ಮಿ ಇರಬೇಕು. ಕೈ ಮಾತ್ರ ಬಿಡಲಿಲ್ಲ.

ಅಷ್ಟು ಮಕ್ಕಳನ್ನು ಉಳಿಸಿದವರು ಅವರೇ. ಆದರೆ ನಾನು ತಡೆದ ಆ ದಿನದ ನಂತರ ಆಂಟಿ ನನ್ನ ಜೊತೆ ಮೊದಲಿನಂತೆ ಮಾತಾಡಲಿಲ್ಲ. ಕೆಲವೇ ತಿಂಗಳಲ್ಲಿ ಅವರ ಮಗಳ ಸಂಸಾರ ಫ್ಲವರ್ ಮೌಂಡ್ ಎಂಬ ಊರಿಗೆ ಶಿಫ್ಟ್ ಆಯಿತು, ನಾವು ಹ್ಯೂಸ್ಟನ್‌ಗೆ ಬಂದೆವು.

ಕಳೆದ ಚಳಿಗಾಲದಲ್ಲಿ ಆಂಟಿಯ ಮಗಳ ಫೋನ್ ಬಂತು. ಆಂಟಿ ನಿದ್ದೆಯಲ್ಲೇ ಹೋಗಿದ್ದರು. "ಅಕ್ಕ, ಅಮ್ಮ ಒಂದು ಮಾತು ಹೇಳಿಟ್ಟಿದ್ದಾರೆ. ಅಸ್ಥೀನ ಹರಿಯೋ ನೀರಲ್ಲಿ ಬಿಡಬೇಡಿ, ಪಾರ್ಕಿನ ಆ ಒಣ ಹೊಳೇಲಿ ಇಟ್ಟು ಬನ್ನಿ ಅಂತ. ಜೊತೆಗೆ ನೀವೇ ಇರ್ಬೇಕಂತೆ."

ಹೋದೆ. ಇಬ್ಬರೂ ಬಿಳಿ ಕಲ್ಲುಗಳ ನಡುವೆ ಬೂದಿ ಇಟ್ಟು, ಗಾಳಿಗೆ ಹಾರದಂತೆ ಕಲ್ಲು ಮುಚ್ಚಿ ಮೇಲೆ ಬಂದೆವು. ಆಕಾಶ ತೊಳೆದಿಟ್ಟಂತಿತ್ತು.

ಅಂದಿನಿಂದ ಆಸ್ಟಿನ್ ಕಡೆ ಮಳೆಯಿಲ್ಲ. ಬೆಳಿಗ್ಗೆ ಕಾಫಿಗೆ ಮುಂಚೆ ಫೋನಿನಲ್ಲಿ ಅಲ್ಲಿನ ಹವಾಮಾನ ನೋಡುತ್ತೇನೆ. ಯಜಮಾನರು "ಅಲ್ಲಿ ಯಾರಿದ್ದಾರೆ ನಮಗೆ?" ಎಂದು ಕೇಳುತ್ತಾರೆ. ಇದ್ದಾರೆ. ಇನ್ನೂ ಕಾಯುತ್ತಿದ್ದಾರೆ.