ಪಂಕ್ತಿಗೆ ಮೊದಲು ಒಂದು ಎಲೆ

ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡುವುದು ನನ್ನ ಕಸುಬು. ಮನೆ ಶಿರಾಳಕೊಪ್ಪದಲ್ಲಿ. ಕೆಲಸ ಮಾತ್ರ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಊರುಗಳಲ್ಲಿ. ನಲವತ್ತೈದು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು. ಏಳು ವರ್ಷ ಮಾತ್ರೆ ನುಂಗುತ್ತ, ಆಗಾಗ ಮರೆಯುತ್ತ ಕಾಲ ತಳ್ಳಿದೆ.

ಎರಡು ವರ್ಷದ ಹಿಂದೆ ಬಾಣಲೆಯ ಎಣ್ಣೆ ಸಿಡಿದು ಎಡಗಾಲಿನ ಪಾದ ಸುಟ್ಟಿತು. ಅಂಥ ಗಾಯ ನನಗೆ ಹೊಸದಲ್ಲ, ವಾರದಲ್ಲಿ ಒಣಗುತ್ತಿತ್ತು. ಆ ಸಲ ಎರಡು ತಿಂಗಳಾದರೂ ಹಸಿಯಾಗಿಯೇ ಇತ್ತು. ಹೆಂಡತಿ ಜಗಳ ತೆಗೆದು ಶಿಕಾರಿಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರಮ್ಮ ರಕ್ತಪರೀಕ್ಷೆಯ ಚೀಟಿ ನೋಡಿ, "ಮಾತ್ರೆ ಇನ್ನು ಸಾಲಲ್ಲ ರೀ. ಇನ್ಸುಲಿನ್ ಶುರು ಮಾಡೋಣ" ಎಂದರು.

ನನ್ನ ಅಪ್ಪನಿಗೂ ಆಸ್ಪತ್ರೆಯಲ್ಲಿ ಅದೇ ಸೂಜಿ ಚುಚ್ಚಿದ್ದರು. ಹದಿನೈದು ದಿನಕ್ಕೆ ಅವರ ಹೆಣ ಮನೆಗೆ ತಂದಿದ್ದೆವು.

"ಅಂದ್ರೆ ನಂದೂ ಮುಗೀತು ಅಂತೀರಾ ಮೇಡಂ?"

"ನಿಮ್ಮ ತಂದೆಯವರಿಗೆ ಕಾಯಿಲೆ ಕೈ ಮೀರಿದ ಮೇಲೆ ಕೊಟ್ಟಿರಬೇಕು. ನಿಮಗೆ ಹಂಗಾಗಬಾರದು ಅಂತ್ಲೇ ಈಗ ಕೊಡ್ತಿರೋದು" ಎಂದರು. ಪೆನ್ನಿನಂಥ ಒಂದು ಸಾಧನ ಕೊಟ್ಟು, ಪ್ರತಿ ಊಟಕ್ಕೆ ಮುಂಚೆ ಹೊಟ್ಟೆಗೆ ಚುಚ್ಚಿಕೊಳ್ಳುವುದು ಹೇಗೆಂದು ತೋರಿಸಿದರು.

ನಾಲ್ಕು ದಿನ ಆ ಪೆನ್ನು ನಮ್ಮ ಫ್ರಿಜ್ಜಿನಲ್ಲೇ ಕೂತಿತ್ತು. ಐದನೆಯ ದಿನ ಬೆಳಿಗ್ಗೆ ಹೆಂಡತಿ ಅದನ್ನು ತಂದು ನನ್ನ ಮುಂದಿಟ್ಟಳು. ಚುಚ್ಚಿ, ಹತ್ತು ಎಣಿಸಿ, ಸೂಜಿ ತೆಗೆಯಬೇಕಿತ್ತು. ನಾನು ಕಣ್ಣು ಮುಚ್ಚಿ ಎಣಿಸುತ್ತಲೇ ಇದ್ದೆ.

"ಇಪ್ಪತ್ತಾತು, ತೆಗೀರಿ ಇನ್ನ" ಎಂದಳು.

ಚುಚ್ಚಿದ್ದೇ ಸರಿಯಾಗಿ ಗೊತ್ತಾಗಿರಲಿಲ್ಲ. ಇಷ್ಟಕ್ಕೆ ನಾಲ್ಕು ದಿನ ಹೆದರಿದೆನಲ್ಲ ಎಂದು ನಗು ಬಂತು.

ನಿಜವಾದ ಪೇಚಾಟ ಶುರುವಾದದ್ದು ಕೆಲಸಕ್ಕೆ ಹೋದ ಮೇಲೆ. ನಮ್ಮ ಕಸುಬಿನಲ್ಲಿ ಕೊನೆಯ ಪಂಕ್ತಿ ಎದ್ದ ಮೇಲೆಯೇ ಅಡುಗೆಯವರ ಊಟ. ಎಷ್ಟೋ ಸಲ ಅದು ಸಂಜೆ ನಾಲ್ಕಾಗುತ್ತದೆ. ಜಡೆ ಎಂಬ ಊರಿನ ಹತ್ತಿರ ಒಂದು ಮದುವೆ. ಅವತ್ತು ಊಟ ಬೇಗ ಎಂದಿದ್ದರು. ಕೆಲಸದ ನಡುವೆ ಎರಡು ತುತ್ತು ತಿಂದರಾಯಿತೆಂದು ಹನ್ನೆರಡೂವರೆಗೆ ಸೂಜಿ ಚುಚ್ಚಿಕೊಂಡೆ. ಅಷ್ಟರಲ್ಲಿ ಗಂಡಿನ ಕಡೆಯವರ ಬಸ್ಸು ದಾರಿಯಲ್ಲಿ ಕೆಟ್ಟಿದೆ ಎಂದು ಸುದ್ದಿ ಬಂತು. ಅನ್ನ ಆರದಂತೆ ನೋಡಿಕೊಳ್ಳುವ ಗಡಿಬಿಡಿಯಲ್ಲಿ ತಿನ್ನುವುದು ಮರೆತೇಹೋಯಿತು.

ನನ್ನ ಜೊತೆ ಇಪ್ಪತ್ತು ವರ್ಷದಿಂದ ಹೋಳಿಗೆ ಲಟ್ಟಿಸುವ ಹೆಂಗಸೊಬ್ಬರಿದ್ದಾರೆ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಸೂಜಿಯ ವಿಷಯ ಅವರಿಗೆ ಹೇಳಿದ್ದೆ. ನಾನು ಉಪ್ಪಿನ ಡಬ್ಬಿ ಹಿಡಿದು ಸಾರಿನ ಹಂಡೆಯ ಮುಂದೆ ನಿಂತಿದ್ದಾಗ ಅಕ್ಕ ಕೂಗಿದರು.

"ಏ ತಮ್ಮಾ, ಉಪ್ಪು ಈಗ ಹಾಕಿದ್ಯಲ್ಲೋ!"

"ಹಾಕಿದ್ನಾ?" ನನಗೆ ನೆನಪೇ ಇರಲಿಲ್ಲ. ಕೈ ನಡುಗುತ್ತಿತ್ತು. ಅಂಗಿ ಒದ್ದೆಯಾಗಿತ್ತು, ಒಲೆಯ ಕಾವು ಎಂದುಕೊಂಡಿದ್ದೆ. ಅಕ್ಕ ಬಂದು ಕೈ ಮುಟ್ಟಿ ನೋಡಿದರು.

"ಮೈ ಎಲ್ಲ ತಣ್ಣಗಾಗೇತಿ. ಸೂಜಿ ಚುಚ್ಕಂಡ್ಯಾ? ಏನಾರ ತಿಂದ್ಯಾ?"

ಉತ್ತರಕ್ಕೆ ಕಾಯದೆ ಸಕ್ಕರೆ ಕದಡಿದ ನೀರಿನ ಲೋಟ ಬಾಯಿಗಿಟ್ಟು ಪೂರ್ತಿ ಕುಡಿಸಿದರು. ಕಾಲು ಗಂಟೆಯಲ್ಲಿ ಕಣ್ಣ ಮುಂದಿನ ಮಂಜು ಸರಿಯಿತು. ಆಮೇಲೆ ಅವರೇ ಎಲೆ ಹಾಸಿ ಅನ್ನ ಬಡಿಸಿದರು.

ಎರಡು ತುತ್ತು ಇಳಿದಿತ್ತು, ಮದುಮಗಳ ದೊಡ್ಡಪ್ಪ ಒಳಗೆ ಬಂದರು.

"ಏನ್ರೀ ಇದು? ಬೀಗರಿಗೇ ಇನ್ನೂ ಎಲೆ ಹಾಕಿಲ್ಲ, ಅಡುಗೆಯವರು ಕುಂತು ಉಣ್ತಾರಲ್ಲ!"

ನಾನು ಏಳಲು ಹೋದೆ. ಅಕ್ಕ ನನ್ನ ಹೆಗಲು ಒತ್ತಿ ಕೂರಿಸಿದರು.

"ಯಜಮಾನ್ರೇ, ಸಕ್ಕರೆ ಕಾಯಿಲೆಗೆ ಸೂಜಿ ತಗಂಡಾನೆ. ಈಗ ಉಣ್ಣದಿದ್ರೆ ಇಲ್ಲೇ ಬೀಳ್ತಾನೆ. ಆಮೇಲೆ ನಿಮ್ಮ ಬೀಗರ ಊಟ ಯಾರು ನೋಡ್ಕಂತಾರೆ?"

ಹಿರಿಯರು ನನ್ನ ಒದ್ದೆ ಅಂಗಿ ನೋಡಿದರು. "ಉಣ್ರಿ, ಸಾವಕಾಶ ಉಣ್ರಿ" ಎಂದರು. ನನ್ನ ಊಟ ಮುಗಿಯುವ ತನಕ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಂದವರನ್ನೆಲ್ಲ ಏನೋ ನೆಪ ಹೇಳಿ ಆಚೆ ಕಳಿಸುತ್ತಿದ್ದರು. ಆ ಮನುಷ್ಯನ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮರುದಿನ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. "ಊಟ ಕೈಗೆ ಸಿಗೋದು ಖಾತ್ರಿ ಆಗದೆ ಚುಚ್ಕೋಬೇಡಿ" ಎಂದು ಗದರಿ, ಜೇಬಿನಲ್ಲಿ ಸದಾ ಸಕ್ಕರೆ ಇಟ್ಟುಕೊಳ್ಳಲು ಹೇಳಿದರು. ಅಂದಿನಿಂದ ಕೆಲಸ ಒಪ್ಪಿಕೊಳ್ಳುವಾಗಲೇ ಮಾತಾಡಿಕೊಳ್ಳುತ್ತೇನೆ: ಒಂದು ಗಂಟೆಗೆ ನನ್ನ ಊಟ, ಪಂಕ್ತಿ ಎದ್ದಿರಲಿ, ಬಿಡಲಿ. ಸೊರಬದಲ್ಲಿ ಒಬ್ಬರು ಮುಖ ಗಂಟಿಕ್ಕಿ ಬೇರೆಯವರನ್ನು ಕರೆದರು. ಉಳಿದವರು ಯಾರೂ ಬೇಡ ಎನ್ನಲಿಲ್ಲ.

ಕಾಲಿನ ಗಾಯ ಮೂರು ತಿಂಗಳಿಗೆ ಪೂರ್ತಿ ಮಾಗಿತು. ಹೊಸ ಚರ್ಮ ಬಂದ ದಿನ ಹೆಂಡತಿ ಅದನ್ನು ಎರಡೆರಡು ಸಲ ಮುಟ್ಟಿ ನೋಡಿದಳು. ಬೆಳಿಗ್ಗೆ ಏಳುವಾಗಿನ ಸುಸ್ತು ಹೋಯಿತು. ಮೊನ್ನೆಯ ಪರೀಕ್ಷೆ ನೋಡಿ ಡಾಕ್ಟರಮ್ಮ, "ಹಿಂಗೇ ನಡೀಲಿ ರೀ" ಎಂದರು.

ಮೊದಮೊದಲು ಒಬ್ಬನೇ ಕೂತು ಉಣ್ಣುವಾಗ ತಲೆ ತಗ್ಗಿಸಿ ಗಬಗಬ ನುಂಗಿ ಏಳುತ್ತಿದ್ದೆ. ಸುತ್ತ ಆರು ಜನ ಹೆಂಗಸರು ದುಡಿಯುತ್ತಿರುತ್ತಿದ್ದರು. ಒಂದು ದಿನ ಅಕ್ಕನನ್ನು ಕರೆದೆ.

"ನೀನೂ ಕುಂತ್ಕ ಬಾ ಅಕ್ಕ."

"ನಂಗೇನು ಕಾಯಿಲೆ ಐತಿ?"

"ಹಸಿವಾಗಿಲ್ವಾ?"

ಅಕ್ಕ ನಕ್ಕರು. ಆಮೇಲೆ ಕೈಯ ಹಿಟ್ಟು ಒರೆಸಿಕೊಳ್ಳುತ್ತ, "ನಸುಕಿಗೆ ಎದ್ದು ಬಂದೀನಿ. ಹಸಿಯದೆ ಇರ್ತೈತೇನೋ?" ಎಂದರು.

ಇಪ್ಪತ್ತು ವರ್ಷದಲ್ಲಿ ನಾನು ಅದನ್ನು ಕೇಳಿರಲೇ ಇಲ್ಲ. ಈಗ ಒಂದು ಗಂಟೆಗೆ ಮೂವರು, ಅವರೆದ್ದ ಮೇಲೆ ಉಳಿದವರು, ಎಲ್ಲರೂ ಉಂಡೇ ಬಡಿಸಲು ನಿಲ್ಲುತ್ತೇವೆ.