ಹಗೇವಿನಲ್ಲಿ ಕಂಡ ಸಿ.ಎಲ್.

ನೀವು ಇದನ್ನು ನಂಬುವುದಿಲ್ಲ, ಗೊತ್ತು. ನಂಬದೆಯೇ ಕೊನೆಯವರೆಗೆ ಓದಿ ನೋಡಿ, ಆಮೇಲೆ ಮಾತಾಡೋಣ.

ಎಪ್ಪತ್ತರ ದಶಕದಲ್ಲಿ ನಾನು ವಿಜಯಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್. ನನ್ನಂಥ ಬುದ್ಧಿವಂತ ಸ್ಟೇಷನ್ ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಇನ್ನೊಬ್ಬನಿರಲಿಲ್ಲ. ಪಿ.ಯು.ಸಿ. ಮುಗಿಸಿದ ನನ್ನ ತಂಗಿಗೆ ಬಿ.ಎಸ್ಸಿ. ಓದುವ ಆಸೆ, ಬಬಲೇಶ್ವರದ ನಮ್ಮ ಮುತ್ಯಾನಿಗೆ ಮೊಮ್ಮಗಳನ್ನು ತಿಕೋಟಾಕ್ಕೆ ಮದುವೆ ಮಾಡಿಕೊಡುವ ಅವಸರ.

“ಅಂಥಾದ್ದೇನ ಕಲ್ತೀಬೇ ಅಲ್ಲಿ?” ಎಂದು ಮುತ್ಯಾ ತಂಗಿಯನ್ನು ಕೇಳಿದ.

ರಾಸಾಯನಿಕಗಳು ಬೆರೆತಾಗ ಹೊಮ್ಮುವ ತಣ್ಣನೆಯ ಬೆಳಕಿನಿಂದ ಕಣ್ಣಿಗೆ ಕಾಣದ್ದನ್ನು ಪತ್ತೆ ಹಚ್ಚುವ ವಿದ್ಯೆಯನ್ನು ನಾನೇ ಆಕೆಗೆ ಹೇಳಿಕೊಟ್ಟಿದ್ದೆ. ಕೆಮಿಲ್ಯುಮಿನಿಸೆನ್ಸ್ ಅನ್ನುವಷ್ಟರಲ್ಲಿ ನಾಲಿಗೆ ತೊಡರುತ್ತದೆಂದು ಲ್ಯಾಬಿನವರು ಸಿ.ಎಲ್. ಎಂದು ಮುಗಿಸುತ್ತಾರೆ.

“ಸಿ.ಎಲ್., ಮುತ್ಯಾ,” ಎಂದಳು ತಂಗಿ. “ಮಿಂಚುಹುಳದ್ದಾದ್ರ ಬಿ.ಎಲ್., ಕರೆಂಟ್ ಹಾಯಿಸಿ ತಂದ್ರ ಇ.ಸಿ.ಎಲ್.”

“ಎರಡ ಅಕ್ಷರ ಕಲಿಯಾಕ ಮೂರು ವರ್ಷ ಬೇಕೇನ? ತೋರಸು ನೋಡೂಣು. ತೋರಿಸಿದ್ರ ಕಾಲೇಜು, ಇಲ್ಲಂದ್ರ ತಿಕೋಟಾ!”

ಮಟಮಟ ಮಧ್ಯಾಹ್ನ, ನಮಗೆ ಬೇಕಾದದ್ದು ಕತ್ತಲೆ. ಪಡಸಾಲೆಯ ನೆಲದಡಿ ಜೋಳ ತುಂಬಿಡುವ ಹಗೇವು ಖಾಲಿಯಿತ್ತು. ಕಂದೀಲು ಇಳಿಬಿಟ್ಟು, ಅದು ಆರಲಿಲ್ಲವೆಂದ ಮೇಲೆ ಒಳಗಿನ ಗಾಳಿ ಒಳ್ಳೆಯದೇ ಎಂದು ಮೂವರೂ ಇಳಿದೆವು. ನಮ್ಮಜ್ಜಿ, ಆಯಿ, ಮೇಲಿನಿಂದ ಗೋಣಿಚೀಲ ಹೊದಿಸಿದಳು.

ಹಿತ್ತಲಲ್ಲಿ ತೊಳೆದಿಟ್ಟಿದ್ದ ಮಣೆಯೊಂದನ್ನು ಪರೀಕ್ಷೆಗೆಂದು ನಾನೇ, ಬೇಕೆಂದೇ, ಆರಿಸಿ ತಂದಿದ್ದೆ. ಆಯಿಗೆ ಮಾತು ಕೊಟ್ಟು ಮಾಂಸ ಬಿಟ್ಟಿದ್ದ ಮುತ್ಯಾ, ಹಿಂದಿನ ದಿನ ಆಕೆ ನಿಡೋಣಿಗೆ ಹೋಗಿದ್ದಾಗ ಅದರ ಮೇಲೆಯೇ ಕೋಳಿ ಕೊಯ್ದಿದ್ದ! ತಂಗಿ, ನಾನು ಲ್ಯಾಬಿನಿಂದ ತಂದಿದ್ದ ಲ್ಯೂಮಿನಾಲ್ ನೀರಿಗೆ ಪೆರಾಕ್ಸೈಡ್ ಬೆರೆಸಿ ಚಿಮುಕಿಸಿದಳು. ಕಂದೀಲು ಆರಿಸಿದೆ. ಮಣೆ ನೀಲಿಯಾಗಿ ಬೆಳಗಿತು.

“ಏನಲೇ ಇದು?”

“ಸಿ.ಎಲ್. ಮುತ್ಯಾ,” ಎಂದಳು ತಂಗಿ. “ರಕ್ತ ಎಲ್ಲೆಲ್ಲಿ ಬಿದ್ದೈತಿ ಅಂತ ತೋರಸಾಕತ್ತೈತಿ. ತೊಳದ್ರೂ ಬಿಡೂದಿಲ್ಲ.”

ಮುತ್ಯಾ ಧೋತರದ ಚುಂಗಿನಿಂದ ಮಣೆ ಒರೆಸತೊಡಗಿದ.

“ಏನ ಕಂಡಿತ್ರೋ?” ಮೇಲಿನಿಂದ ಆಯಿ ಕೂಗಿದಳು.

“ಬೆಳಕ! ಬರೇ ಬೆಳಕ! ಭಾಳ ಚಂದ ಐತಿ!” ಎಂದು ಮುತ್ಯಾ ಗಂಟಲು ಹರಿಯುವಂತೆ ಕೂಗಿ, ತಂಗಿಯ ಕಿವಿಯಲ್ಲಿ ಪಿಸುಗುಟ್ಟಿದ: “ಯವ್ವಾ, ನಾಳೀನ ಕಾಲೇಜಿಗೆ ಹೆಸರ ಹಚ್ಚು.”

“ತಿಕೋಟಾದವ್ರಿಗೆ?”

“ನಾ ಹೇಳತೀನಿ. ಮೊದಲ ಆ ಮಣಿ ಆರಸ!”

ತಂಗಿ ನಗು ತಡೆಯಲಾರದೆ ಗೋಡೆಗೆ ಮುಖ ಒತ್ತಿದಳು. ಮುತ್ಯಾ ನನ್ನ ಬೆನ್ನು ತಟ್ಟಿ “ಶಾಬಾಸ್ ಮಗನ” ಅಂದ.

ಇಷ್ಟರಲ್ಲಿ ಒಂದೇ ಒಂದು ನನ್ನ ಕಟ್ಟುಕತೆ: ಆ ಶಾಬಾಸ್. ಬೆನ್ನು ತಟ್ಟಿಸಿಕೊಂಡವಳು ತಂಗಿ. ನನಗೆ ಮುತ್ಯಾ, ಅಷ್ಟು ಕತ್ತಲಲ್ಲೂ ಗುರಿ ತಪ್ಪದೆ, ಕಿವಿ ಹಿಂಡಿದ.